ಏಳು ಮಳೆಗಾಲ ಮುಚ್ಚಿಟ್ಟ ಫ್ಲಾಟು: ಕೊಡಗಿನಲ್ಲಿ ರಿಪೇರಿಗೆ ಯಾವುದು ಸೈ, ಯಾವುದು ಬೇಡ

ಕೊಡಗಿನಲ್ಲಿ ಮನೆ ಖಾಲಿ ಬಿಟ್ಟ ಲೆಕ್ಕವನ್ನು ವರ್ಷದಲ್ಲಿ ಹೇಳಿದರೆ ಏನೂ ಗೊತ್ತಾಗುವುದಿಲ್ಲ. ಎಷ್ಟು ಮಳೆಗಾಲ ಅಂತ ಹೇಳಬೇಕು. ನಮ್ಮ ಅತ್ತೆಯ ಫ್ಲಾಟು ಏಳು ಮಳೆಗಾಲ ಬೀಗ ಹಾಕಿಕೊಂಡೇ ಇತ್ತು. ಮಡಿಕೇರಿಯಿಂದ ಮೂರ್ನಾಡಿಗೆ ಹೋಗುವ ದಾರಿಯಲ್ಲಿ, ಕಾಫಿ ತೋಟದ ಅಂಚಿಗೆ ಆರು ಮನೆಗಳ ಒಂದು ಕಟ್ಟಡ. ಮೂರು ಮಹಡಿ, ನಮ್ಮದು ಮೇಲಿನದು. ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು, ಭುಜ ಕೊಟ್ಟು ತಳ್ಳಬೇಕಾಯಿತು. ಬೀರುವಿನಲ್ಲಿ ಮಾವನ ಒಂದು ಜೊತೆ ಚರ್ಮದ ಶೂ ಇದೆ, ಕಪ್ಪು ಬಣ್ಣದ್ದು ಅಂತ ಅತ್ತೆ ಹೇಳಿದ್ದರು. ನನಗೆ ಕಂಡಿದ್ದು ಬೂದು ಹಸಿರು ತುಪ್ಪಳದ ಎರಡು ಮುದ್ದೆ.

ನಾನು ಮಾಡಿದ ಮೊದಲ ತಪ್ಪು, ಬಣ್ಣದಿಂದ ಶುರು ಮಾಡಿದ್ದು. ಮಾರ್ಚ್‌ನಲ್ಲಿ ಗೋಡೆ ಒಣಗಿದ ಹಾಗೇ ಕಾಣುತ್ತಿತ್ತು. ಒಬ್ಬ ಗುತ್ತಿಗೆದಾರರನ್ನು ಕರೆಸಿ ಪುಟ್ಟಿ ಎಳೆಸಿ, ತಿಳಿ ಹಳದಿ ಬಣ್ಣ ಹೊಡೆಸಿದೆ. ಫೋಟೋ ತೆಗೆದು ಮನೆಯವರಿಗೆಲ್ಲ ಕಳಿಸಿದ್ದೂ ಆಯಿತು. ಜುಲೈಯಲ್ಲಿ ಹೋಗಿ ನೋಡಿದರೆ ಪಶ್ಚಿಮದ ಗೋಡೆ ತುಂಬ ಹಪ್ಪಳದಂಥ ಗುಳ್ಳೆ. ಬೆರಳಲ್ಲಿ ಒತ್ತಿದರೆ ಒಳಗಿನಿಂದ ನೀರು ಇಳಿಯಿತು. ಆಮೇಲೆ ಬಂದ ಮೂರ್ನಾಡಿನ ಮೇಸ್ತ್ರಿ ಗೋಡೆ ಮುಟ್ಟಿ ನೋಡಿ ಹೇಳಿದರು: "ಅಕ್ಕಾ, ಇದು ಬಣ್ಣದ ಕೆಲಸ ಅಲ್ಲ, ನೀರಿನ ಕೆಲಸ. ನೀರು ಎಲ್ಲಿಂದ ಬರ್ತದೆ, ಬಂದದ್ದು ಎಲ್ಲಿಗೆ ಹೋಗ್ತದೆ, ಅದು ನೋಡಿ ಮೊದಲು."

ಅವತ್ತಿನಿಂದ ಅಂಗಡಿಯಲ್ಲಿ ಯಾವ ಸಾಮಾನು ತೋರಿಸಿದರೂ ನಾನು ಕೇಳಿದ್ದು ಒಂದೇ: ಒದ್ದೆಯಾದರೆ ಇದು ಒಣಗುತ್ತದಾ? ಒದ್ದೆಯಾಗುವುದಿಲ್ಲ ಅನ್ನುವ ಭರವಸೆ ನನಗೆ ಬೇಡ. ಇಲ್ಲಿ ಎಲ್ಲವೂ ಒಂದಲ್ಲ ಒಂದು ದಿನ ಒದ್ದೆಯಾಗುತ್ತದೆ.

ಯಾವ ತಿಂಗಳು

ನೋಡುವುದು ಮಳೆಗಾಲದಲ್ಲಿ, ಮಾಡುವುದು ಬೇಸಿಗೆಯಲ್ಲಿ. ಜುಲೈ-ಆಗಸ್ಟ್‌ನಲ್ಲಿ, ಕಕ್ಕಡದ ಮಳೆ ಜಡಿಯುವಾಗ ಎರಡು ದಿನ ಆ ಮನೆಯಲ್ಲೇ ಇರಿ. ಎಲ್ಲಿ ಸೋರುತ್ತದೆ, ಯಾವ ಮೂಲೆ ಬೆವರುತ್ತದೆ ಅಂತ ಸೀಮೆಸುಣ್ಣದಲ್ಲಿ ಗೋಡೆಯ ಮೇಲೇ ಗುರುತು ಹಾಕಿ, ಫೋಟೋ ತೆಗೆದಿಟ್ಟುಕೊಳ್ಳಿ. ಫೆಬ್ರವರಿಯಲ್ಲಿ ಮನೆ ತೋರಿಸುವ ಬ್ರೋಕರ್ ಮಾತು ಫೆಬ್ರವರಿಗೆ ಮಾತ್ರ ನಿಜ.

ಕಟ್ಟಡದ ಹಿಂದೆ ಗುಡ್ಡ ಕಡಿದಿದ್ದರೆ ಅದನ್ನೂ ಆ ಎರಡು ದಿನದಲ್ಲೇ ನೋಡಿ. ತಡೆಗೋಡೆಯಲ್ಲಿ ನೀರು ಹೋಗಲು ತೂತು ಬಿಟ್ಟಿದ್ದಾರಾ, ಅದರಲ್ಲಿ ನೀರು ಬರುತ್ತಿದೆಯಾ, ಗೋಡೆ ಹೊಟ್ಟೆ ಬಿಟ್ಟಿದೆಯಾ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದು ಏನಾಯಿತು ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಗುಡ್ಡದ ಬಗ್ಗೆ ಅನುಮಾನ ಇದ್ದರೆ ಒಳಗಿನ ಅಲಂಕಾರಕ್ಕೆ ಒಂದು ರೂಪಾಯಿಯೂ ಹಾಕಬೇಡಿ. ಮೊದಲು ಎಂಜಿನಿಯರ್ ಬಂದು ನೋಡಲಿ.

ಕೆಲಸಕ್ಕೆ ನವೆಂಬರ್ ಚೆನ್ನ ಅಂತ ಅನಿಸುತ್ತದೆ. ಮಳೆ ನಿಂತಿರುತ್ತದೆ, ಬಿಸಿಲೂ ಇರುತ್ತದೆ. ಆದರೆ ಅರೇಬಿಕಾ ಕೊಯ್ಲು ಶುರುವಾಗುವುದೂ ಆಗಲೇ. ಪುತ್ತರಿ ಹಬ್ಬ ಮುಗಿಸಿ ಬರ್ತೇನೆ ಅಂದ ಕೆಲಸದವರು ಹಾಗೇ ತೋಟಕ್ಕೆ ಹೋಗಿಬಿಡುತ್ತಾರೆ, ರೋಬಸ್ಟಾ ಮುಗಿಯುವವರೆಗೆ ಈ ಕಡೆ ತಲೆ ಹಾಕುವುದಿಲ್ಲ. ನನ್ನ ಅನುಭವದಲ್ಲಿ ಫೆಬ್ರವರಿ ಕೊನೆಯಿಂದ ಮೇ ಮಧ್ಯದವರೆಗೆ ಸರಿಯಾದ ಕಾಲ. ನಡುವೆ ಹೂಮಳೆ, ಅಂದರೆ ಕಾಫಿ ಹೂವರಳಿಸುವ ಮಳೆ ಬರುತ್ತದೆ, ಬರಲಿ. ಹೊಸ ಸೂರಿಗೆ ಅದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ.

ಊರು ಊರಿಗೂ ವ್ಯತ್ಯಾಸ ಇದೆ. ಕುಶಾಲನಗರದಲ್ಲಿ ಮಳೆ ತುಂಬ ಕಡಿಮೆ, ಅಲ್ಲಿ ಫ್ಲಾಟು ಇರುವವರು ಮುಂದೆ ಹೇಳುವುದರಲ್ಲಿ ಅರ್ಧ ಬಿಟ್ಟರೂ ನಡೆಯುತ್ತದೆ. ಭಾಗಮಂಡಲ ಕಡೆಯವರು ಒಂದನ್ನೂ ಬಿಡುವ ಹಾಗಿಲ್ಲ.

ಸೂರು: ಲೇಪವಾ, ಶೀಟಾ?

ಮೇಲಿನ ಮಹಡಿಯವರ ದೊಡ್ಡ ತೀರ್ಮಾನ ಇದು. ನನ್ನ ಖರ್ಚಿನಲ್ಲೂ ದೊಡ್ಡ ಪಾಲು ಹೋಗಿದ್ದು ಇಲ್ಲಿಗೇ.

ಮೊದಲನೆಯ ದಾರಿ, ತಾರಸಿಗೆ ವಾಟರ್‌ಪ್ರೂಫ್ ಲೇಪ. ಬ್ರಷ್‌ನಲ್ಲಿ ಹೊಡೆಯುವ ರಬ್ಬರಿನಂಥ ಬಣ್ಣ. ಅಗ್ಗ, ಎರಡು ಮೂರು ದಿನದ ಕೆಲಸ, ಯಾರ ಒಪ್ಪಿಗೆಗೂ ಜಾಸ್ತಿ ಕಾಯಬೇಕಾಗಿಲ್ಲ. ಆದರೆ ಹೊಡೆಯುವಾಗ ತಾರಸಿ ಪೂರ್ತಿ ಒಣಗಿರಬೇಕು. ಇಳಿಜಾರು ಸರಿ ಇಲ್ಲದೆ ನೀರು ಮಡುಗಟ್ಟಿ ನಿಲ್ಲುವ ಕಡೆ ಅದು ಬೇಗ ಸಿಪ್ಪೆ ಏಳುತ್ತದೆ. ಕೆಲವು ವರ್ಷಕ್ಕೊಮ್ಮೆ ಮತ್ತೆ ಹೊಡೆಯಲೇಬೇಕು. ಎರಡನೆಯದು, ಇಟ್ಟಿಗೆ ಚೂರು ಹಾಕಿ ಗಾರೆ ಎಳೆಯುವ ಹಳೆಯ ಪದ್ಧತಿ. ಇಳಿಜಾರು ಸರಿಮಾಡಲು ಒಳ್ಳೆಯದೇ. ಆದರೆ ಹಳೆ ಕಟ್ಟಡದ ಮೇಲೆ ಅಷ್ಟು ಭಾರ ಹಾಕಬೇಕಾ ಅಂತ ಯೋಚಿಸಿ. ಒಮ್ಮೆ ಬಿರುಕು ಬಿಟ್ಟರೆ ಅದು ಸ್ಪಂಜಿನ ಹಾಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಮಳೆ ನಿಂತು ಎರಡು ವಾರ ಆದರೂ ಕೆಳಗೆ ತೊಟ್ಟಿಕ್ಕುತ್ತಿರುತ್ತದೆ.

ಮೂರನೆಯದು, ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟ್ ಹೊದಿಸುವುದು. ಮಡಿಕೇರಿಯ ಯಾವುದಾದರೂ ಎತ್ತರದಲ್ಲಿ ನಿಂತು ಕೆಳಗೆ ನೋಡಿ, ಆರ್‌ಸಿಸಿ ಮನೆಗಳ ತಲೆ ಮೇಲೆಲ್ಲ ಕೆಂಪು, ಹಸಿರು, ನೀಲಿ ಶೀಟು. ಹೊರಗಿನಿಂದ ಬಂದವರು "ಯಾಕಿಷ್ಟು ಕುರೂಪ ಮಾಡಿದ್ದಾರೆ" ಅಂತ ಕೇಳುತ್ತಾರೆ. ನಾನೂ ಕೇಳಿದವಳೇ. ಈಗ ನನ್ನ ತಾರಸಿ ಮೇಲೂ ಇದೆ. ಯಾಕೆ ಅಂದರೆ, ಲೇಪ ಕಾಯುವುದು ತಾರಸಿಯನ್ನು ಮಾತ್ರ. ಶೀಟನ್ನು ಗೋಡೆಯಿಂದ ಎರಡೂವರೆ ಮೂರು ಅಡಿ ಹೊರಗೆ ಚಾಚಿದರೆ ಗೋಡೆಯೂ ಉಳಿಯುತ್ತದೆ. ಇಲ್ಲಿ ಮುಂಗಾರು ಪಶ್ಚಿಮದಿಂದ, ನೈಋತ್ಯದಿಂದ ಗಾಳಿ ಸಮೇತ ಓರೆಯಾಗಿ ಬಡಿಯುತ್ತದೆ. ನಮ್ಮ ಮನೆಗೆ ಅರ್ಧ ನೀರು ಬರುತ್ತಿದ್ದದ್ದೇ ಆ ಗೋಡೆಯಿಂದ. ಇನ್ನೊಂದು ಲಾಭ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗಿಸಲು ಜಾಗ. ಕೊಡಗಿನಲ್ಲಿ ಸಂಸಾರ ಮಾಡಿದವರಿಗೆ ಇದರ ಬೆಲೆ ಗೊತ್ತು.

ಶೀಟಿಗೂ ತೊಂದರೆ ಇದೆ. ಮಳೆ ಜೋರಾದರೆ ಸದ್ದು, ಟಿವಿ ಕೇಳಿಸುವುದಿಲ್ಲ. ಚೌಕಟ್ಟು ಗಟ್ಟಿಯಾಗಿ ಕೂರಿಸದಿದ್ದರೆ ಗಾಳಿ ಎತ್ತಿಕೊಂಡು ಹೋಗುತ್ತದೆ. ಸೋರಿಕೆ ಶುರುವಾಗುವುದು ಶೀಟಿನಲ್ಲಲ್ಲ, ಸ್ಕ್ರೂ ಕೆಳಗಿನ ರಬ್ಬರ್ ವಾಷರ್‌ನಲ್ಲಿ. ಅದು ಬಿಸಿಲಿಗೆ ಒಡೆಯುತ್ತದೆ, ಪ್ರತಿ ಮೇ ತಿಂಗಳಲ್ಲಿ ಒಮ್ಮೆ ನೋಡಿಸಿ. ಅರ್ಥಿಂಗ್ ಮರೆಯಬೇಡಿ, ಸಿಡಿಲಿನ ಊರು ಇದು. ಹೊದಿಸುವ ಮುಂಚೆ ಪಂಚಾಯಿತಿಯಲ್ಲಿ ಒಂದು ಮಾತು ಕೇಳಿಕೊಳ್ಳಿ.

ಮಂಗಳೂರು ಹೆಂಚು ಹಾಕಬಹುದಲ್ಲ ಅಂತ ಅತ್ತೆಯ ಆಸೆ. ನೋಡಲು ಅದರಷ್ಟು ಚಂದ ಬೇರೆ ಇಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಕಾರ್ಖಾನೆ ಶುರು ಮಾಡಿದಾಗಿನಿಂದ ಈ ಸೀಮೆಯ ಮಳೆಗೆ ಹೆಂಚು ಒಗ್ಗಿಕೊಂಡಿದೆ. ಒಂದು ಒಡೆದರೆ ಒಂದನ್ನೇ ಬದಲಾಯಿಸಬಹುದು. ಆದರೆ ಒಂದೊಂದು ಹೆಂಚು ಎರಡು ಕಿಲೋಗಿಂತ ಜಾಸ್ತಿ ತೂಗುತ್ತದೆ, ಕೆಳಗೆ ಅದನ್ನು ಹೊರಲು ಮರದ ರೀಪು, ಪಕಾಸಿ ಎಲ್ಲ ಬೇಕು. ಮಂಗ ಓಡಾಡುವ ಜಾಗವಾದರೆ ಕೇಳಲೇಬೇಡಿ. ಸ್ವಂತ ಮನೆಯಾಗಿದ್ದರೆ ನಾನೂ ಹೆಂಚೇ ಹಾಕಿಸುತ್ತಿದ್ದೆ. ಆರು ಮನೆಯವರು ಸೇರಿ ದುಡ್ಡು ಹಾಕುವ ಕಡೆ ಹೆಂಚು ಅಂದರೆ ಯಾರೂ ಒಪ್ಪುವುದಿಲ್ಲ.

ಶೀಟಿಗೂ ಸುಲಭವಾಗಿ ಒಪ್ಪಲಿಲ್ಲ ಅನ್ನಿ. ಕೆಳಮನೆಯ ಹಿರಿಯರು ಕಾಫಿ ಕೊಟ್ಟು ಕೂರಿಸಿ, "ನಮ್ಮನೆ ಸೋರುವುದಿಲ್ಲವಲ್ಲ ಮಗಳೇ, ನಾನ್ಯಾಕೆ ಕೊಡಬೇಕು?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಅವರ ಮಲಗುವ ಕೋಣೆಯ ಪಶ್ಚಿಮದ ಗೋಡೆಗೆ ಒರಗಿಸಿದ್ದ ಕಪಾಟನ್ನು ಇಬ್ಬರೂ ಸೇರಿ ಸ್ವಲ್ಪ ಮುಂದಕ್ಕೆ ಸರಿಸಿದೆವು. ಹಿಂದೆ ಗೋಡೆ ಪೂರ್ತಿ ಕಪ್ಪು. ಅವರು ಏನೂ ಹೇಳಲಿಲ್ಲ, ಮರುದಿನ ಅವರ ಪಾಲು ಬಂತು.

ನೀವು ಇರುವುದು ಕೆಳಗಿನ ಮಹಡಿಯಾದರೆ ಸೂರಿಗಿಂತ ನೆಲ ಮುಖ್ಯ. ಮಳೆಗಾಲದಲ್ಲಿ ಗುಡ್ಡದ ಒರತೆ ನೆಲದಡಿಯಿಂದಲೇ ಮೇಲೆ ಬರುತ್ತದೆ. ಕಟ್ಟಡದ ಸುತ್ತ ಚರಂಡಿ ತೆಗೆಸಿ ನೀರನ್ನು ದೂರ ಸಾಗಿಸುವುದೇ ಅದಕ್ಕೆ ಮದ್ದು. ಒಳಗೆ ಯಾವ ರಾಸಾಯನಿಕ ಬಳಿದರೂ ಪಕ್ಕದಲ್ಲಿ ದಾರಿ ಮಾಡಿಕೊಂಡು ಬರುತ್ತದೆ.

ಗೋಡೆ: ಸುಣ್ಣ, ಪುಟ್ಟಿ, ಪ್ಲಾಸ್ಟಿಕ್ ಬಣ್ಣ

ಬಣ್ಣ ಆರಿಸುವ ಮೊದಲು ಒಂದು ಪರೀಕ್ಷೆ ಮಾಡಿ, ಖರ್ಚಿಲ್ಲ. ಒಂದು ಅಡಿ ಚೌಕದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಕಡೆ ಗಾಳಿಯಾಡದಂತೆ ಟೇಪ್ ಅಂಟಿಸಿ. ಎರಡು ದಿನ ಬಿಡಿ. ಹಾಳೆಯ ಒಳಗಡೆ, ಅಂದರೆ ಗೋಡೆಯ ಬದಿಗೆ ಹನಿ ಕಟ್ಟಿದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಹನಿ ಹೊರಗಡೆ, ನಿಮ್ಮ ಕೈಗೆ ಸಿಗುವ ಬದಿಗೆ ಕಟ್ಟಿದರೆ ಅದು ಕೋಣೆಯ ಗಾಳಿಯ ತೇವ. ಎರಡಕ್ಕೂ ಔಷಧಿ ಬೇರೆ. ಮೊದಲನೆಯದಕ್ಕೆ ಹೊರಗಿನ ಬಿರುಕು, ಪೈಪು, ಸಜ್ಜಾ ಸರಿಮಾಡಬೇಕು. ಎರಡನೆಯದಕ್ಕೆ ಕಿಟಕಿ ಮತ್ತು ಎಕ್ಸಾಸ್ಟ್ ಫ್ಯಾನ್ ಸಾಕು. ನಮ್ಮಲ್ಲಿ ಪಶ್ಚಿಮದ ಗೋಡೆಯಲ್ಲಿ ಒಳಗೆ ಹನಿ, ಬಚ್ಚಲ ಪಕ್ಕದ ಗೋಡೆಯಲ್ಲಿ ಹೊರಗೆ ಹನಿ. ಒಂದೇ ಮನೆ, ಎರಡು ಕಾಯಿಲೆ.

ಬೂಷ್ಟನ್ನು ಒಣಗಿದ್ದಾಗ ಬ್ರಷ್ ಹಾಕಿ ಉಜ್ಜಬೇಡಿ, ಪುಡಿ ಮೂಗಿಗೆ ಹೋಗುತ್ತದೆ. ಮಾಸ್ಕ್ ಹಾಕಿಕೊಂಡು, ಬ್ಲೀಚಿಂಗ್ ಪೌಡರ್ ಕದಡಿದ ನೀರು ಬಳಿದು, ಹತ್ತು ಹದಿನೈದು ನಿಮಿಷ ಬಿಟ್ಟು ಉಜ್ಜಿ. ಬ್ಲೀಚಿಂಗ್ ಜೊತೆ ಬಚ್ಚಲು ತೊಳೆಯುವ ಆಸಿಡ್ ಸೇರಿಸಬಾರದು, ವಿಷದ ಗಾಳಿ ಏಳುತ್ತದೆ. ಉಪ್ಪು ಎದ್ದು ಪುಡಿಪುಡಿಯಾದ ಗಾರೆಯನ್ನು ಉಳಿಸಿಕೊಳ್ಳುವ ಆಸೆ ಬೇಡ, ಇಟ್ಟಿಗೆ ಕಾಣುವವರೆಗೆ ಕೆತ್ತಿಸಿ. ಹೊಸ ಗಾರೆ ಹಾಕಿದ ಮೇಲೆ ಬಣ್ಣಕ್ಕೆ ನಾಲ್ಕು ವಾರವಾದರೂ ಬಿಡಿ. ಗುತ್ತಿಗೆದಾರರು "ಹತ್ತು ದಿನ ಸಾಕು ಮೇಡಂ" ಅನ್ನುತ್ತಾರೆ. ಜುಲೈಯಲ್ಲಿ ಅವರು ಇರುವುದಿಲ್ಲ, ನಾವು ಇರುತ್ತೇವೆ.

ಈಗ ಆಯ್ಕೆಗೆ ಬರೋಣ. ಪ್ಲಾಸ್ಟಿಕ್ ಎಮಲ್ಷನ್ ನಯವಾಗಿ ಕಾಣುತ್ತದೆ, ಒರೆಸಬಹುದು. ಆದರೆ ಗೋಡೆಯೊಳಗೆ ತೇವ ಇದ್ದರೆ ಅದು ಹೊರಗೆ ಬರಲು ದಾರಿ ಸಿಗದೆ ಬಣ್ಣವನ್ನೇ ಎತ್ತುತ್ತದೆ, ನನ್ನ ಹಪ್ಪಳದ ಕಥೆ. ಸುಣ್ಣ ತೇವವನ್ನು ಹಿಡಿದಿಡುವುದಿಲ್ಲ, ಮಳೆಯಲ್ಲಿ ಸ್ವಲ್ಪ ಕಪ್ಪಾಗಿ ಬಿಸಿಲಿಗೆ ಮತ್ತೆ ಬೆಳ್ಳಗಾಗುತ್ತದೆ. ಅದರ ಖಾರಕ್ಕೆ ಬೂಷ್ಟು ಕೂಡ ಬೇಗ ಹತ್ತುವುದಿಲ್ಲ. ಆದರೆ ಒರಗಿದರೆ ಬಟ್ಟೆಗೆ ಹತ್ತುತ್ತದೆ. ಸ್ವಲ್ಪ ಅಂಟು ಸೇರಿಸಿದರೆ ಕಡಿಮೆಯಾಗುತ್ತದೆ ಅಷ್ಟೆ. ವರ್ಷಕ್ಕೆ, ಎರಡು ವರ್ಷಕ್ಕೆ ಮತ್ತೆ ಬಳಿಯಬೇಕು. ಹಳೆ ಪ್ಲಾಸ್ಟಿಕ್ ಬಣ್ಣದ ಮೇಲೆ ಸುಣ್ಣ ನಿಲ್ಲುವುದಿಲ್ಲ, ಪೂರ್ತಿ ಕೆರೆಯಬೇಕು. ಹಾಗೇ ಸುಣ್ಣದ ಮೇಲೆ ನೇರ ಎಮಲ್ಷನ್ ಹೊಡೆದರೂ ಪದರ ಪದರವಾಗಿ ಬರುತ್ತದೆ. ಹಾಗಾಗಿ ಇದು ಪದೇ ಪದೇ ಬದಲಾಯಿಸುವ ತೀರ್ಮಾನ ಅಲ್ಲ.

ನಾನು ಮಾಡಿದ್ದು ಎರಡೂ. ಪಶ್ಚಿಮದ ಎರಡು ಗೋಡೆಗೆ ಸುಣ್ಣ, ಒಂದು ಚಿಟಿಕೆ ನೀಲಿ ಹಾಕಿ. ಒಣಗಿರುವ ಒಳಗಿನ ಗೋಡೆಗಳಿಗೆ ಸಿಮೆಂಟ್ ಆಧಾರದ ಪುಟ್ಟಿ, ಮೇಲೆ ಎಮಲ್ಷನ್. ಪಿಒಪಿ ಸೀಲಿಂಗು, ಜಿಪ್ಸಂ ಬೋರ್ಡು, ವಾಲ್‌ಪೇಪರ್ ಮೂರನ್ನೂ ಒಂದೇ ಮಾತಲ್ಲಿ ಬೇಡ ಅಂದೆ. ವಾಲ್‌ಪೇಪರ್ ಹಿಂದಿನ ಅಂಟು ಬೂಷ್ಟಿಗೆ ಊಟ ಇಟ್ಟ ಹಾಗೆ.

ನೆಲ

ಹಾಲ್‌ನಲ್ಲಿ ಹಾಸಿದ್ದ ಪ್ಲಾಸ್ಟಿಕ್ ಕಾರ್ಪೆಟ್ ಎತ್ತಿದರೆ ಕೆಳಗೆ ರೆಡ್ ಆಕ್ಸೈಡ್ ನೆಲ ಇತ್ತು. ಒಂದು ಮೂಲೆ ಬಿಟ್ಟರೆ ಎಲ್ಲ ಗಟ್ಟಿ. ತೊಳೆದು, ಒಣಗಿಸಿ, ಎಣ್ಣೆ ಬಟ್ಟೆಯಲ್ಲಿ ನಾಲ್ಕು ದಿನ ಉಜ್ಜಿದೆವು. ಬಚ್ಚಲಿನ ಕಡೆಗೆ ಸಣ್ಣ ಬಿರುಕುಗಳಿವೆ, ಹಾಗೇ ಬಿಟ್ಟೆ. ನಿಮ್ಮಲ್ಲೂ ಹಳೆ ಕಟ್ಟಡವಾದರೆ ಟೈಲ್ಸ್ ಆರ್ಡರ್ ಮಾಡುವ ಮುಂಚೆ ಒಂದು ಮೂಲೆ ಎತ್ತಿ ನೋಡಿ.

ಹೊಸದಾಗಿ ರೆಡ್ ಆಕ್ಸೈಡ್ ಹಾಕಿಸುವುದಾದರೆ ಮಾತ್ರ ಹುಷಾರು. ಕೈ ಪಳಗಿದ ಮೇಸ್ತ್ರಿ ಈಗ ಸಿಗುವುದು ಕಷ್ಟ. ನೀರುಣಿಸುವುದು ತಪ್ಪಿದರೆ ಬಿರುಕು, ಒಂದೇ ದಿನ ಎಳೆದು ಮುಗಿಸದಿದ್ದರೆ ಬಣ್ಣ ಎರಡು ತರ. ಅಂಥವರು ಸಿಗದಿದ್ದರೆ ಸುಮ್ನೆ ವಿಟ್ರಿಫೈಡ್ ಟೈಲ್ಸ್ ಹಾಕಿಸಿ. ಅದು ನೀರನ್ನು ಹೆಚ್ಚುಕಮ್ಮಿ ಹೀರುವುದೇ ಇಲ್ಲ, ಅರ್ಧ ಪರ್ಸೆಂಟಿಗಿಂತ ಕಡಿಮೆ. ಹೊಳಪಿನದು ಬೇಡ, ಮ್ಯಾಟ್ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಹೊಳೆಯುವ ನೆಲ ಬೆವರಿದಾಗ ವಯಸ್ಸಾದವರು ಜಾರುತ್ತಾರೆ.

ಮರದ ಹಾಗೆ ಕಾಣುವ ಲ್ಯಾಮಿನೇಟ್ ನೆಲ ಬೆಂಗಳೂರಿನ ಗೆಳತಿಯ ಸಲಹೆ. ಥಂಡಿ ಊರಿಗೆ ಬೆಚ್ಚಗಿರುತ್ತದೆ ಅಂತ. ಆದರೆ ಒಳಗಿರುವುದು ಮರದ ಪುಡಿ ಒತ್ತಿ ಮಾಡಿದ ಹಲಗೆ. ನೀರು ಕುಡಿದರೆ ಅಂಚು ಉಬ್ಬುತ್ತದೆ, ಮತ್ತೆ ಇಳಿಯುವುದಿಲ್ಲ. ಕಾಲಿಗೆ ತಣ್ಣಗಾಗುತ್ತದೆ ಅಂದರೆ ಒಂದು ಚಾಪೆ ಹಾಸಿ. ಒದ್ದೆಯಾದರೆ ಎತ್ತಿ ಒಣಹಾಕಬಹುದು, ಲ್ಯಾಮಿನೇಟನ್ನು ಹಾಗೆ ಮಾಡಲಾಗುತ್ತದಾ?

ಬಾಗಿಲು, ಕಿಟಕಿ, ಅಡುಗೆಮನೆ

ಮಳೆಗಾಲದಲ್ಲಿ ಬಾಗಿಲು ಕಚ್ಚುತ್ತದೆ ಅಂತ ಆಗಲೇ ಬಡಗಿಯನ್ನು ಕರೆದು ಹತ್ತರಿ ಹೊಡೆಸಬೇಡಿ. ಫೆಬ್ರವರಿಯಲ್ಲಿ ಮರ ಒಣಗಿ ಕುಗ್ಗಿದಾಗ ಸಂದಿಯಲ್ಲಿ ಬೆರಳು ಹೋಗುತ್ತದೆ. ಎಲ್ಲಿ ಕಚ್ಚುತ್ತದೆ ಅಂತ ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಬೇಸಿಗೆಯಲ್ಲಿ ಸ್ವಲ್ಪವೇ ಹೊಡೆಸಿ, ಕೆಳ ಅಂಚಿಗೂ ಮೇಲಂಚಿಗೂ ಸೇರಿಸಿ ವಾರ್ನಿಷ್ ಹಾಕಿಸಿ. ಆ ಎರಡು ಅಂಚನ್ನು ಬಡಗಿಗಳು ಮರೆಯುತ್ತಾರೆ, ನೀರು ಹತ್ತುವುದೇ ಅಲ್ಲಿಂದ. ತೇಗ, ಬೀಟೆ, ಹಲಸಿನ ಮರದ ಹಳೆ ಬಾಗಿಲಿದ್ದರೆ ಬದಲಾಯಿಸಬೇಡಿ. ಪಶ್ಚಿಮದ ಕಿಟಕಿಗಳಿಗೆ ಮಾತ್ರ ನಾನು ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಚೌಕಟ್ಟು ಹಾಕಿಸಿದೆ. ನೀರು ಹೊರಗೆ ಹೋಗಲು ಅದರ ಕೆಳಪಟ್ಟಿಯಲ್ಲಿ ಸಣ್ಣ ತೂತುಗಳಿರುತ್ತವೆ, ಸಿಮೆಂಟ್ ಮೆತ್ತಿ ಮುಚ್ಚದಂತೆ ನಿಂತು ನೋಡಿಕೊಳ್ಳಿ.

ಅಡುಗೆಮನೆಯಲ್ಲಿ ಕೊಡಗಿಗೆ ಆಗದ್ದು ಎಂಡಿಎಫ್ ಮತ್ತು ಪಾರ್ಟಿಕಲ್ ಬೋರ್ಡ್, ಎರಡೂ ಮರದ ಪುಡಿ ಒತ್ತಿ ಮಾಡಿದ ಹಲಗೆ. ಶೋರೂಮಿನಲ್ಲಿ ಚಂದ, ಸಿಂಕ್ ಕೆಳಗೆ ಎರಡನೇ ವರ್ಷಕ್ಕೆ ಬಿಸ್ಕತ್ತು. ಪ್ಲೈವುಡ್ ಬೇಕೇ ಬೇಕು ಅಂದರೆ ಹಲಗೆ ಮೇಲೆ ಐಎಸ್ 710 ಅಂತ ಮುದ್ರೆ ಇದೆಯಾ ನೋಡಿ, ಅದು ಮೆರೈನ್ ದರ್ಜೆ. ಐಎಸ್ 303 ಅಂದರೆ ಸಾಮಾನ್ಯ ಬಳಕೆಯದು. ಸಿಲ್ವರ್ ಓಕ್ ತೋಟದಲ್ಲೇ ಸಿಗುತ್ತದೆ, ಅಗ್ಗ. ಆದರೆ ಚೆನ್ನಾಗಿ ಒಣಗಿಸಿ ಔಷಧಿ ಕುಡಿಸದಿದ್ದರೆ ಹುಳ ಕುಟ್ಟಿ ಹಿಟ್ಟು ಸುರಿಸುತ್ತದೆ. ನಾನು ಕೊನೆಗೆ ಕೆಳಗೆ ಕಡಪ ಕಲ್ಲಿನ ಕಪಾಟು ಕಟ್ಟಿಸಿ ಅಲ್ಯೂಮಿನಿಯಂ ಬಾಗಿಲು ಹಾಕಿಸಿದೆ, ಮೇಲೆ ಬಾಗಿಲೇ ಇಲ್ಲದ ತೆರೆದ ಹಲಗೆ. ಗಾಳಿಯಾಡುವ ಕಡೆ ಬೂಷ್ಟು ಕಡಿಮೆ. ಧೂಳು ಕೂರುತ್ತದೆ ಅಂತ ಅತ್ತೆ ಗೊಣಗುತ್ತಾರೆ, ಅದೂ ನಿಜ.

ಬಿಸಿನೀರು, ಕರೆಂಟು, ತೇವ

ಸೋಲಾರ್ ಹೀಟರ್ ಇಡೀ ವರ್ಷಕ್ಕೆ ಸಾಕಾಗುವುದಿಲ್ಲ. ಬಿಸಿನೀರು ಜಾಸ್ತಿ ಬೇಕಾಗುವ ಜುಲೈಯಲ್ಲೇ ಅದು ಕೈಕೊಡುತ್ತದೆ. ಕರೆಂಟಿನ ಗೀಸರ್, ಕರೆಂಟು ಇದ್ದಾಗ ಒಳ್ಳೆಯದು. ಗಾಳಿ ಮಳೆಗೆ ಮರ ಬಿದ್ದರೆ ಎರಡು ದಿನ ಇಲ್ಲ. ಹಾಗಾಗಿ ಇಲ್ಲಿ ಗ್ಯಾಸ್ ಗೀಸರ್ ಜನಪ್ರಿಯ. ಆದರೆ ಅದನ್ನು ಬಚ್ಚಲ ಒಳಗೆ ಹಾಕಿಸಲೇಬೇಡಿ. ಚಳಿಗೆ ಕಿಟಕಿ ಮುಚ್ಚಿ ಸ್ನಾನ ಮಾಡುವಾಗ ಕಾರ್ಬನ್ ಮಾನಾಕ್ಸೈಡ್ ತುಂಬಿದರೆ ವಾಸನೆಯೂ ಬರುವುದಿಲ್ಲ, ಬಣ್ಣವೂ ಕಾಣುವುದಿಲ್ಲ, ಜೀವ ಹೋಗುತ್ತದೆ. ಗೀಸರ್ ಮತ್ತು ಸಿಲಿಂಡರ್ ಎರಡೂ ಹೊರಗಿನ ಬಾಲ್ಕನಿಯಲ್ಲಿ, ಪೈಪು ಮಾತ್ರ ಒಳಗೆ. ಹಾಗೆ ಹೊರಗಿಡಲು ಜಾಗವಿಲ್ಲದಿದ್ದರೆ ಕರೆಂಟಿನದೇ ಇರಲಿ, ಎರಡು ದಿನ ಒಲೆ ಮೇಲೆ ನೀರು ಕಾಯಿಸಿಕೊಂಡರಾಯಿತು.

ವೈರಿಂಗ್ ಹಳೆಯದಾದರೆ ಪೂರ್ತಿ ಬದಲಾಯಿಸಿ. ಇದರಲ್ಲಿ ಹೋಲಿಕೆಯೇ ಇಲ್ಲ. ಒದ್ದೆ ಗೋಡೆಯ ಮನೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚು) ಬೇಕೇ ಬೇಕು.

ಗಾಳಿಯ ತೇವ ಎಳೆಯುವ ಡಿಹ್ಯುಮಿಡಿಫೈಯರ್ ಯಂತ್ರ ತೆಗೆದುಕೊಳ್ಳಬೇಕಾ ಅಂತ ಬಹಳ ಜನ ಕೇಳುತ್ತಾರೆ. ನೀವು ಅಲ್ಲೇ ಇರುವುದಾದರೆ, ಒಂದು ಕೋಣೆಗೆ ತುಂಬ ಉಪಯೋಗ. ಬಟ್ಟೆ, ಪುಸ್ತಕ ಎಲ್ಲ ಆ ಕೋಣೆಯಲ್ಲಿಡಿ. ತಿಂಗಳಿಗೊಮ್ಮೆ ಬರುವವರಾದರೆ ದಂಡ, ಅದರ ತೊಟ್ಟಿ ತುಂಬಿದ ಕೂಡಲೇ ತಾನಾಗಿ ನಿಲ್ಲುತ್ತದೆ. ಪೈಪ್ ಹಾಕಿ ಬಿಟ್ಟರೂ ಕರೆಂಟು ಹೋದರೆ ಮುಗಿಯಿತು. ಅಂಥವರು ಆ ದುಡ್ಡನ್ನು ನಂಬಿಕಸ್ತರಿಗೆ ಕೊಟ್ಟು ವಾರಕ್ಕೆರಡು ಸಲ ಕಿಟಕಿ ತೆಗೆಸುವುದು ಮೇಲು. ಮಳೆ ಬಿಟ್ಟು ಬಿಸಿಲು ಬಂದ ಹೊತ್ತಲ್ಲಿ ಮಾತ್ರ. ಮಂಜು ಕವಿದಾಗ ಕಿಟಕಿ ತೆಗೆದರೆ ಹೊರಗಿನ ತೇವವನ್ನೇ ಒಳಗೆ ಕರೆದ ಹಾಗಾಗುತ್ತದೆ.

ಅಲಂಕಾರ

ಕೊನೆಗೆ ಉಳಿದ ದುಡ್ಡು ಎಷ್ಟೋ ಅಷ್ಟು. ನನ್ನಲ್ಲಿ ಉಳಿದದ್ದು ಕಡಿಮೆ, ಅದೇ ಒಳ್ಳೆಯದಾಯಿತು.

ಕುಷನ್ ಸೋಫಾ ಬೇಡ, ಮಳೆಗಾಲದಲ್ಲಿ ಮುಗ್ಗಲು ವಾಸನೆ ಹೋಗುವುದೇ ಇಲ್ಲ. ಬೆತ್ತದ ಕುರ್ಚಿ, ಬಿಚ್ಚಿ ಒಗೆಯಬಹುದಾದ ದಿಂಬು ಸಾಕು. ಪರದೆಗೆ ಹತ್ತಿ ಚಂದ, ಆದರೆ ಜುಲೈಯಲ್ಲಿ ಒಗೆದರೆ ನಾಲ್ಕು ದಿನವಾದರೂ ಒಣಗದು. ಪಶ್ಚಿಮದ ಕಿಟಕಿಗೆ ತೆಳು ಪಾಲಿಯೆಸ್ಟರ್, ಪೂರ್ವಕ್ಕೆ ಹತ್ತಿ ಹಾಕಿದ್ದೇನೆ. ಟೀಪಾಯಿಗೆ ಕಾಫಿ ಗಿಡದ ಬೊಡ್ಡೆ. ಹಳೆ ಗಿಡ ಕಿತ್ತ ತೋಟದಲ್ಲಿ ಕೇಳಿದರೆ ಸಿಗುತ್ತದೆ, ಬಡಗಿಯ ಹತ್ತಿರ ಸಪಾಟು ಮಾಡಿಸಿ ಮೇಲೆ ಗಾಜು ಇಟ್ಟರಾಯಿತು. ಹೆದ್ದಾರಿ ಬದಿಯ ಅಂಗಡಿಯಲ್ಲಿ ಅದೇ ಸಾಮಾನಿಗೆ ಪ್ರವಾಸಿಗಳ ರೇಟು. ಬಾಲ್ಕನಿಗೆ ಆಂಥೂರಿಯಂ, ಈ ಹವೆಗೆ ಅದು ಕೇಳದೆಯೇ ಬೆಳೆಯುತ್ತದೆ.

ಬೀರು, ಕಪಾಟು ಯಾವುದನ್ನೂ ಗೋಡೆಗೆ ಒರಗಿಸಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಫೋಟೋಗಳಿಗೂ ಹಾಗೇ, ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೆ ಬಾಟಲಿಯ ಬಿರಡೆ ಕತ್ತರಿಸಿ ಅಂಟಿಸಿದರೆ ಹಿಂದೆ ಗಾಳಿಯಾಡುತ್ತದೆ. ಅತ್ತೆ ಮಾವನ ಮದುವೆ ಫೋಟೋವನ್ನು ಹಾಗೆ ಪೂರ್ವದ ಗೋಡೆಗೆ ಹಾಕಿದ್ದೇನೆ. ಕಳೆದ ಸೆಪ್ಟೆಂಬರ್‌ನಲ್ಲಿ ಕೈಲ್ ಪೊಳ್ದ್ ಹಬ್ಬ ಮುಗಿದ ವಾರ ಇಳಿಸಿ ಹಿಂದೆ ಮುಟ್ಟಿ ನೋಡಿದೆ, ಒಣಗಿತ್ತು. ಶೂಗಳನ್ನು ಮಾತ್ರ ಉಳಿಸಲಾಗಲಿಲ್ಲ.